ಈ ಜೂನ್ ಬೇಡ, ಮುಂದಿನ ಜೂನ್

ಅಮೆರಿಕದಲ್ಲಿ ದಂತವೈದ್ಯರಾಗಬೇಕಾದರೆ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಡೆಂಟಲ್ ಓದು. ಪದವಿಯ ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಅರ್ಜಿ ಹಾಕಿದವರಿಗೆ ಡಿಸೆಂಬರಿನಿಂದ ಉತ್ತರಗಳು ಬರತೊಡಗುತ್ತವೆ. ಏಪ್ರಿಲ್ ಬರುವಷ್ಟರಲ್ಲಿ ಹೆಚ್ಚಿನವರಿಗೆ ತಮ್ಮ ಹಣೆಬರಹ ತಿಳಿದಿರುತ್ತದೆ. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬಳು ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ, ಈ ಸಲ ಸೀಟು ಸಿಗದ ಹುಡುಗಿ. ಇನ್ನೊಬ್ಬರು ಅವಳ ತಾಯಿಯ ತಂಗಿ. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಅಲ್ಲಿ ಮತ್ತೆ ಓದಿ ಡೆಂಟಿಸ್ಟ್ ಆದವರು.

ಹುಡುಗಿ: ಚಿಕ್ಕಮ್ಮ, ಉಳಿದಿದ್ದ ಕಾಲೇಜಿನಿಂದಲೂ ಮೇಲ್ ಬಂತು. ಆಗಲ್ಲ ಅಂತ. ಒಂದೇ ಒಂದು ಕಡೆ ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದಾರೆ.

ಚಿಕ್ಕಮ್ಮ: ಅಕ್ಕ ಫೋನ್ ಮಾಡಿದ್ದಳು. ನೀನಾಗೇ ಮಾತಾಡಲಿ ಅಂತ ಸುಮ್ಮನಿದ್ದೆ. ಊಟ ಮಾಡಿದ್ಯಾ?

ಹುಡುಗಿ: ಮಾಡಿದೆ. ಅಮ್ಮ ಅಳ್ತಿದ್ದಾಳೆ, ಅಪ್ಪ ಬಾಯೇ ಬಿಡ್ತಿಲ್ಲ. ನನಗಂತೂ ಅತ್ತು ಸಾಕಾಯ್ತು. ಜೂನ್ ಮೊದಲ ವಾರದಲ್ಲೇ ಮತ್ತೆ ಅರ್ಜಿ ಹಾಕಿಬಿಡ್ತೀನಿ. ಒಂದು ವರ್ಷ ಗ್ಯಾಪ್ ಅಷ್ಟೇ. ಮುಂದಿನ ಆಗಸ್ಟ್‌ಗೆ ಸೇರಿದರೆ ಆಯ್ತು.

ಚಿಕ್ಕಮ್ಮ: ಆ ಲೆಕ್ಕವನ್ನೇ ಮೊದಲು ನೋಡೋಣ. ಈಗ ಏಪ್ರಿಲ್. ಹೆಚ್ಚಿನ ಡೆಂಟಲ್ ಕಾಲೇಜುಗಳಿಗೆ ಒಟ್ಟಿಗೇ ಹೋಗೋ ಆಡ್‌ಸಾಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತೆ, ಜೂನ್ ಹೊತ್ತಿಗೆ ಕಳಿಸಬಹುದು. ನಡುವೆ ನಿನ್ನ ಫೈನಲ್ ಪರೀಕ್ಷೆ, ಗ್ರ್ಯಾಜುಯೇಶನ್, ನೆಂಟರು, ಪಾರ್ಟಿ. ಈಗ ಬೇಡ ಅನ್ನಿಸಿಕೊಂಡ ಅರ್ಜಿಗೂ ಜೂನ್‌ನಲ್ಲಿ ಹೋಗೋ ಅರ್ಜಿಗೂ ಏನು ವ್ಯತ್ಯಾಸ ಇರುತ್ತೆ?

ಹುಡುಗಿ: ಆಮೇಲೆ ಇಡೀ ವರ್ಷ ಇರುತ್ತಲ್ಲ. ಕೆಲಸ ಮಾಡ್ತೀನಿ, ವಾಲಂಟಿಯರಿಂಗ್ ಮಾಡ್ತೀನಿ, ಇನ್ನೊಂದೆರಡು ಕೋರ್ಸ್ ತಗೊಳ್ತೀನಿ.

ಚಿಕ್ಕಮ್ಮ: ಮಾಡ್ತೀಯ, ನಂಬ್ತೀನಿ. ಆದರೆ ಅದನ್ನೆಲ್ಲ ಯಾವ ಕಾಗದದ ಮೇಲೆ ತೋರಿಸ್ತೀಯ? ಅರ್ಜಿ ಹೋಗೋದು ಜೂನ್‌ನಲ್ಲಿ. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೇ ಓದ್ತಾ, ಕರೀತಾ ಹೋಗ್ತವೆ. ನಿನ್ನ ವರ್ಷ ಅರ್ಧ ಕಳೆಯೋ ಹೊತ್ತಿಗೆ ಅವರ ಬಹಳಷ್ಟು ಇಂಟರ್ವ್ಯೂ ಮುಗಿದಿರುತ್ತೆ. ‘ಮಾಡಿದ್ದೇನೆ’ ಅನ್ನೋ ಕಡೆಯೆಲ್ಲ ನೀನು ‘ಮಾಡಲಿದ್ದೇನೆ’ ಅಂತ ಬರೀಬೇಕಾಗುತ್ತೆ. ಅಪ್‌ಡೇಟ್ ಪತ್ರ ಕಳಿಸಬಹುದು, ಓದುವವರು ಓದ್ತಾರೆ. ಆದರೆ ಬಿಟ್ಟ ವರ್ಷ ಅರ್ಜಿಗಿಂತ ಮೊದಲು ಬರಬೇಕು ಕಣೇ. ನಿನ್ನ ಲೆಕ್ಕದಲ್ಲಿ ಅದು ಅರ್ಜಿ ಆದ ಮೇಲೆ ಬರ್ತಿದೆ.

ಹುಡುಗಿ: ಅಂದರೆ ಎರಡು ವರ್ಷ ಬಿಡಬೇಕು ಅಂತೀರಾ?

ಚಿಕ್ಕಮ್ಮ: ಇನ್ನೂ ಹೇಳಿಲ್ಲ. ನೋವು ಯಾವ ಹಲ್ಲಿನದು ಅಂತ ಗೊತ್ತಾಗದೆ ಇಕ್ಕಳ ಎತ್ತಬಾರದು. ನಿನ್ನ ಅರ್ಜಿಯಲ್ಲಿ ಏನು ಸೋತಿತು ಅಂತ ನೀನೇ ಹೇಳು.

ಹುಡುಗಿ: ಅಕ್ಟೋಬರ್‌ನಲ್ಲಿ ಕಳಿಸಿದೆ. ಅದೇ ದೊಡ್ಡ ತಪ್ಪು ಅಂತ ಎಲ್ಲರೂ ಹೇಳ್ತಾರೆ.

ಚಿಕ್ಕಮ್ಮ: ಅದೂ ಒಂದು ಕಾರಣ ನಿಜ. ಆದರೆ ತಡ ಆಯ್ತು ಅನ್ನೋದು ಒಪ್ಪಿಕೊಳ್ಳೋಕೆ ಸುಲಭವಾದ ಕಾರಣ, ಅದಕ್ಕೇ ಎಲ್ಲರೂ ಅದನ್ನೇ ಹಿಡ್ಕೊಳ್ತಾರೆ. ಇನ್ನೇನು?

ಹುಡುಗಿ: ಸೈನ್ಸ್ ಜಿಪಿಎ. ಆರ್ಗ್ಯಾನಿಕ್‌ನಲ್ಲಿ ಸಿ. ಫಿಸಿಕ್ಸ್‌ನಲ್ಲಿ ಬಿ ಮೈನಸ್. ಆರ್ಗ್ಯಾನಿಕ್ ಮತ್ತೆ ತಗೊಂಡು ಎ ಮಾಡ್ಕೊಂಡರೆ ಸರಿಹೋಗುತ್ತೆ ಅಲ್ವಾ?

ಚಿಕ್ಕಮ್ಮ: ಆಡ್‌ಸಾಸ್ ಲೆಕ್ಕದಲ್ಲಿ ಹಳೇ ಸಿ ಅಳಿಸಿಹೋಗಲ್ಲ. ಎರಡನ್ನೂ ಸೇರಿಸಿ ಸರಾಸರಿ ತೆಗೀತಾರೆ. ಸಿ ಬಂದ ವಿಷಯವನ್ನೇ ತಿರುಗಿಸಿ ಓದೋದಕ್ಕಿಂತ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಿಸಿಯಾಲಜಿ, ಅನಾಟಮಿ ಇಂಥವು ಯಾವುದಾದರೂ ಬಾಕಿ ಇದ್ದರೆ ಅದನ್ನ ತಗೊಂಡು ಚೆನ್ನಾಗಿ ಮಾಡು. ಡೆಂಟಲ್ ಮೊದಲ ವರ್ಷ ತುಂಬ ಇರೋದೇ ಅವು. ಈ ಹುಡುಗಿಗೆ ಆ ಭಾರ ಹೊರೋಕೆ ಆಗುತ್ತಾ ಅನ್ನೋ ಪ್ರಶ್ನೆಗೆ ನೇರ ಉತ್ತರ ಸಿಗುತ್ತೆ. ಪ್ರವೇಶ ಪರೀಕ್ಷೆ ಡ್ಯಾಟ್ ಹೇಗಾಗಿತ್ತು?

ಹುಡುಗಿ: ಬಯಾಲಜಿ, ಕೆಮಿಸ್ಟ್ರಿ ಪರವಾಗಿಲ್ಲ. ಪ್ಯಾಟ್ ಭಾಗ ಕೆಳಗಿತ್ತು.

ಚಿಕ್ಕಮ್ಮ: ಕಾಗದ ಮಡಚಿ ತೂತು ಹಾಕಿ, ಬಿಚ್ಚಿದರೆ ಎಲ್ಲೆಲ್ಲಿ ತೂತು ಇರುತ್ತೆ ಅಂತ ಕೇಳೋದು, ಕೋನಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸೋದು, ಒಂದು ವಸ್ತುವನ್ನ ಮೇಲಿಂದ, ಮುಂದಿಂದ, ಪಕ್ಕದಿಂದ ನೋಡೋದು. ಅದೊಂದು ಅಭ್ಯಾಸಕ್ಕೆ ಒಲಿಯೋ ವಿದ್ಯೆ, ದಿನಾ ಅರ್ಧ ಗಂಟೆ ಕೂತರೆ ಬರುತ್ತೆ. ದಾವಣಗೆರೆಯಲ್ಲಿ ಮೊದಲ ವರ್ಷ ನಮಗೆ ಮೇಣದ ತುಂಡು ಕೊಟ್ಟು ದವಡೆ ಹಲ್ಲು ಕೆತ್ತಿಸ್ತಿದ್ರು. ಮೊದಮೊದಲು ನನ್ನ ಹಲ್ಲು ಹಲ್ಲಿನ ಹಾಗೇ ಇರ್ತಿರಲಿಲ್ಲ. ಕೆತ್ತಿ ಕೆತ್ತಿ ಕೈಗೂ ಕಣ್ಣಿಗೂ ಮಾತು ಬೆಳೀತು. ಡ್ಯಾಟ್ ಮತ್ತೆ ಬರೆಯೋಕೆ ಅರವತ್ತು ದಿನದ ಅಂತರ ಬೇಕು, ಅದು ನಿನಗೆ ಯಾವತ್ತೋ ಕಳೆದಿದೆ. ಒಂದು ಮಾತು ನೆನಪಿಟ್ಕೋ: 2025ರ ಮಾರ್ಚ್‌ನಿಂದ ಅಂಕದ ಪಟ್ಟಿ ಬದಲಾಗಿದೆ. ಮೊದಲು 1ರಿಂದ 30ರವರೆಗೆ ಇತ್ತು, ಈಗ 200ರಿಂದ 600. ಹಳಬರು ‘ಇಪ್ಪತ್ತೊಂದು ಬಂದರೆ ಸಾಕು’ ಅಂತ ಹೇಳಿದ್ದನ್ನ ನಂಬ್ಕೊಂಡು ಕೂರಬೇಡ.

ಹುಡುಗಿ: ಅಂದರೆ ಡ್ಯಾಟ್ ಮತ್ತು ತಡ ಆಗಿದ್ದು, ಎರಡನ್ನೂ ಈ ಜೂನ್ ಒಳಗೇ ಸರಿಮಾಡಬಹುದು!

ಚಿಕ್ಕಮ್ಮ: ಹೌದು. ಅವೆರಡೇ ಕಾರಣ ಆಗಿದ್ದರೆ ನಾನೇ ನಿನ್ನನ್ನ ಜೂನ್‌ಗೆ ತಳ್ಳುತ್ತಿದ್ದೆ. ನಿನ್ನ ಕಾಲೇಜುಗಳ ಪಟ್ಟಿಯನ್ನೂ ಎರಡು ವಾರದಲ್ಲಿ ಸರಿಮಾಡಬಹುದು. ಹೋದ ಸಲದ ಪಟ್ಟಿ ನೋಡಿದೆ, ಅರ್ಧ ಹೊರ ರಾಜ್ಯಗಳ ಸರ್ಕಾರಿ ಕಾಲೇಜುಗಳೇ. ಟೆಕ್ಸಾಸನ್ನೇ ತಗೋ. ಅಲ್ಲಿನ ಸರ್ಕಾರಿ ಡೆಂಟಲ್ ಕಾಲೇಜುಗಳಲ್ಲಿ ಹೊರ ರಾಜ್ಯದವರಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸೀಟು ಕೊಡಬಾರದು ಅಂತ ಕಾನೂನೇ ಇದೆ, ಅರ್ಜಿ ಹಾಕೋ ದಾರಿಯೂ ಬೇರೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಕಾನೂನು ಇಲ್ಲದಿದ್ದರೂ ಮೊದಲ ಮಣೆ ತಮ್ಮ ರಾಜ್ಯದವರಿಗೇ. ಜರ್ಸಿಯವಳಿಗೆ ಆ ಮಣೆ ಸಿಗೋದು ನೆವಾರ್ಕ್‌ನ ರಟ್ಗರ್ಸ್‌ನಲ್ಲಿ. ಉಳಿದದ್ದು ಬಹುಪಾಲು ಖಾಸಗಿ ಕಾಲೇಜುಗಳು. ಇವೆಲ್ಲ ಸರಿ. ಆದರೆ ನಿನ್ನ ಪರ್ಸನಲ್ ಸ್ಟೇಟ್‌ಮೆಂಟ್ ಓದಿದಾಗಲೇ ನನಗೆ ನಿಜವಾದ ಚಿಂತೆ ಹುಟ್ಟಿದ್ದು.

ಹುಡುಗಿ: ಅದನ್ನ ಎಲ್ಲರೂ ಚೆನ್ನಾಗಿದೆ ಅಂದರು.

ಚಿಕ್ಕಮ್ಮ: ಇಂಗ್ಲಿಷ್ ಚೆನ್ನಾಗಿದೆ. ಸ್ಪೇಸ್ ಸೇರಿ 4,500 ಅಕ್ಷರದ ಜಾಗ ಕೊಡ್ತಾರೆ. ಅದರಲ್ಲಿ ಅರ್ಧ ನಿನ್ನ ಬ್ರೇಸಸ್ ಕಥೆ. ಹಲ್ಲಿಗೆ ತಂತಿ ಹಾಕಿದರು, ನಗು ಬಂತು, ಆತ್ಮವಿಶ್ವಾಸ ಬಂತು, ಹಾಗಾಗಿ ಡೆಂಟಿಸ್ಟ್ ಆಗಬೇಕು. ಅದು ಕುರ್ಚಿಯಲ್ಲಿ ಮಲಗಿದವಳ ಕಥೆ. ಕುರ್ಚಿಯ ಪಕ್ಕ ನಿಂತವಳ ಕಥೆ ಒಂದು ಸಾಲೂ ಇಲ್ಲ. ಡೆಂಟಿಸ್ಟ್ ಪಕ್ಕ ನಿಂತು ಕೆಲಸ ನೋಡಿದ್ದು, ಶ್ಯಾಡೋಯಿಂಗ್ ಅಂತ ತೋರಿಸಿದ ಗಂಟೆಗಳೆಲ್ಲ ನನ್ನ ಕ್ಲಿನಿಕ್‌ನವೇ. ನಾನು ಸಂಬಂಧಿಕಳು, ನನ್ನ ಶಿಫಾರಸು ಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ಬೇರೆ ಊರಿನ, ಬೇರೆ ಥರದ ಕ್ಲಿನಿಕ್ ನೀನು ನೋಡೇ ಇಲ್ಲ. ಇದನ್ನ ಎರಡು ತಿಂಗಳಲ್ಲಿ ಸರಿಮಾಡೋಕೆ ಆಗಲ್ಲ. ಬರವಣಿಗೆ ತಿದ್ದಿದರೆ ಹೋಗೋ ಕೊರತೆ ಅಲ್ಲ ಅದು, ಬರೆಯೋಕೆ ಬೇಕಾದ ಬದುಕೇ ಅಲ್ಲಿಲ್ಲ.

ಹುಡುಗಿ: ಇಷ್ಟು ಕಟುವಾಗಿ ಯಾರೂ ಹೇಳಿರಲಿಲ್ಲ.

ಚಿಕ್ಕಮ್ಮ: ನಿನ್ನ ಮೇಲೆ ಪ್ರೀತಿ ಇರೋದಕ್ಕೆ ಹೇಳ್ತಿದ್ದೀನಿ. ನಿನ್ನಲ್ಲಿ ಯೋಗ್ಯತೆ ಇಲ್ಲ ಅಂತ ಆ ಪತ್ರಗಳು ಹೇಳ್ತಿಲ್ಲ. ಈಚಿನ ವರ್ಷಗಳಲ್ಲಿ ಇಡೀ ದೇಶದಲ್ಲಿ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮಾತ್ರ ಸೇರ್ತಿದ್ದಾರೆ. ಅಂದರೆ ಪ್ರತಿ ವರ್ಷ ಸಾವಿರಾರು ಮಕ್ಕಳು ನಿನ್ನ ಹಾಗೇ ಏಪ್ರಿಲ್‌ನಲ್ಲಿ ಕೂತಿರ್ತಾರೆ. ಮುಂದಿನ ಸಲ ಹಲವರು ಸೇರ್ತಾರೆ. ಮತ್ತೆ ಹಾಕಿದ್ದು ಅನ್ನೋದು ಕಳಂಕ ಅಲ್ಲ. ಅರ್ಜಿಯಲ್ಲೇ ಮೊದಲು ಹಾಕಿದ್ದಿರಾ ಅಂತ ಕೇಳ್ತಾರೆ, ನೇರವಾಗಿ ಹೌದು ಅನ್ನಬೇಕು. ಆದರೆ ಹೌದು ಅಂದ ಮೇಲೆ ಅವರ ಮುಂದಿನ ಪ್ರಶ್ನೆ ಒಂದೇ: ಅವತ್ತಿನಿಂದ ಇವತ್ತಿಗೆ ಏನು ಬದಲಾಗಿದೆ? ಅದಕ್ಕೆ ಉತ್ತರ ಇಲ್ಲದೆ ಜೂನ್‌ನಲ್ಲಿ ಹಾಕಿ ಎರಡನೇ ಸಲವೂ ಬೇಡ ಅನ್ನಿಸಿಕೊಂಡರೆ, ಮೂರನೇ ಸಲ ಅದೇ ಪ್ರಶ್ನೆ ಇನ್ನೂ ಭಾರವಾಗಿ ಬರುತ್ತೆ.

ಹುಡುಗಿ: ಅಮ್ಮ ಬೇರೇನೇ ಹೇಳ್ತಾಳೆ. ಊರಲ್ಲಾಗಿದ್ದರೆ ಪಿಯುಸಿ ಆದ ತಕ್ಷಣ ಬಿಡಿಎಸ್‌ಗೆ ಸೇರಿಸಿ, ಇಷ್ಟು ಹೊತ್ತಿಗೆ ಮಗಳು ಡಾಕ್ಟರ್ ಆಗಿರ್ತಿದ್ದಳು ಅಂತ. ಈಗಲೂ ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಓದಿ ಬಾ ಅಂತಾಳೆ.

ಚಿಕ್ಕಮ್ಮ: ಅಕ್ಕನ ಸಂಕಟ ಅರ್ಥ ಆಗುತ್ತೆ. ಕರ್ನಾಟಕದಲ್ಲಿ ಡೆಂಟಲ್ ಕಾಲೇಜುಗಳಿಗೆ ಬರ ಇಲ್ಲ. ಬೆಂಗಳೂರಿನ ಸರ್ಕಾರಿ ಕಾಲೇಜು, ಮಣಿಪಾಲ, ದಾವಣಗೆರೆ, ಧಾರವಾಡ, ಮಂಗಳೂರು, ಎಲ್ಲವೂ ಒಳ್ಳೆಯ ಡೆಂಟಿಸ್ಟ್‌ಗಳನ್ನ ಮಾಡಿವೆ. ನಾನೂ ಅಲ್ಲಿಂದ ಬಂದವಳೇ. ಆದರೆ ನೀನು ಬದುಕೋದು ಇಲ್ಲಿ. ಎನ್‌ಆರ್‌ಐ ಕೋಟಾ ಆದರೂ ನೀಟ್ ಬರೀಬೇಕು. ಬಿಡಿಎಸ್ ನಾಲ್ಕು ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಅಷ್ಟಾದ ಮೇಲೆ ಇಲ್ಲಿಗೆ ಬಂದರೆ ಐಎನ್‌ಬಿಡಿಇ ಅನ್ನೋ ಲೈಸೆನ್ಸ್ ಪರೀಕ್ಷೆ ಬರೀಬೇಕು, ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಅಂತ ಮತ್ತೆ ಎರಡೋ ಮೂರೋ ವರ್ಷ ಓದಬೇಕು. ಆ ಸೀಟುಗಳು ಬಹಳ ಕಮ್ಮಿ. ಕೆಲವು ಕಡೆ ಬೆಂಚ್ ಟೆಸ್ಟ್ ಅಂತ ಪ್ಲಾಸ್ಟಿಕ್ ಹಲ್ಲು ಕೊಟ್ಟು ಕ್ರೌನ್‌ಗೆ ಕೊರೆಯೋಕೆ ಹೇಳ್ತಾರೆ, ಪ್ರೊಫೆಸರ್ ಹಿಂದೆ ನಿಂತು ನೋಡ್ತಿರ್ತಾರೆ. ಒಂದು ವರ್ಷ ಉಳಿಸೋಕೆ ಹೋಗಿ ಅಷ್ಟು ಉದ್ದದ ದಾರಿ ಹಿಡೀಬೇಡ. ನಾನು ಆ ದಾರಿ ಹಿಡಿದಿದ್ದು ನಾನು ಹುಟ್ಟಿದ್ದು ಅಲ್ಲಿ ಅನ್ನೋ ಕಾರಣಕ್ಕೆ.

ಹುಡುಗಿ: ನೀವು ಅಮೆರಿಕಕ್ಕೆ ಬಂದ ಮೇಲೆ ಸೀಟಿಗೆ ಕಾದಿರಲ್ಲ, ಆಗ ಏನು ಮಾಡ್ತಿದ್ರಿ?

ಚಿಕ್ಕಮ್ಮ: ಒಬ್ಬ ಡೆಂಟಿಸ್ಟ್ ಹತ್ತಿರ ಅಸಿಸ್ಟೆಂಟ್ ಆಗಿದ್ದೆ. ದಾವಣಗೆರೆಯಲ್ಲಿ ರೂಟ್ ಕೆನಾಲ್ ಮಾಡಿದ್ದ ಕೈಯಲ್ಲಿ ಇಲ್ಲಿ ಸಕ್ಷನ್ ಹಿಡಿದೆ. ರಕ್ತ ಆದ ಉಪಕರಣ ತೊಳೆದು, ಪೌಚ್‌ಗೆ ಹಾಕಿ, ಆಟೋಕ್ಲೇವ್‌ಗೆ ಇಡೋದು. ಟ್ರೇ ಜೋಡಿಸೋದು. ಆಲ್ಜಿನೇಟ್ ಕಲಸಿ ಅಚ್ಚು ತೆಗೆಯೋದು. ಒಬ್ಬ ರೋಗಿ ಎದ್ದು ಹೋಗಿ ಇನ್ನೊಬ್ಬ ಬರೋದರೊಳಗೆ ಕುರ್ಚಿ ಒರೆಸೋದು. ಬೇಸರ ಆಗಿತ್ತಾ ಅಂದರೆ ಆಗಿತ್ತು. ಆದರೆ ಇಲ್ಲಿನ ರೋಗಿ ಯಾರು ಅಂತ ನಾನು ಕಲಿತಿದ್ದು ಅಲ್ಲೇ, ಕಾಲೇಜಿನಲ್ಲಿ ಅಲ್ಲ. ಊದಿಕೊಂಡ ಮುಖ ಹೊತ್ತು ಶುಕ್ರವಾರ ಸಂಜೆ ಬರೋರು. ವಾರವೆಲ್ಲ ನೋವು ನುಂಗಿರ್ತಾರೆ, ಯಾಕೆಂದರೆ ಡೆಂಟಲ್ ಇನ್ಶೂರೆನ್ಸ್ ಇಲ್ಲ. ಅರವತ್ತೈದು ದಾಟಿದವರಿಗೆ ಮೆಡಿಕೇರ್ ಇರುತ್ತೆ, ಮೂಲ ಮೆಡಿಕೇರ್‌ನಲ್ಲಿ ಮಾಮೂಲಿ ಹಲ್ಲಿನ ಚಿಕಿತ್ಸೆ ಬರಲ್ಲ. ಹಲ್ಲು ಉಳಿಸಬಹುದು ಅಂತ ಡಾಕ್ಟರ್ ಹೇಳಿದರೆ, ಖರ್ಚು ಕೇಳಿ, ಕಿತ್ತುಬಿಡಿ ಅಂತಾರೆ. ಇಷ್ಟು ಶ್ರೀಮಂತ ದೇಶದಲ್ಲಿ ಉಳಿಸಬಹುದಾದ ಹಲ್ಲನ್ನ ದುಡ್ಡಿಲ್ಲ ಅಂತ ಕೀಳಿಸಿಕೊಳ್ಳೋದನ್ನ ನೋಡಿದಾಗ ನನಗಾದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಾರನೇ ದಿನ ಮತ್ತೆ ಕೆಲಸಕ್ಕೆ ಹೋಗೋ ಹಾಗೆ ಮಾಡಿದ್ದೂ ಆ ಸಿಟ್ಟೇ.

ಹುಡುಗಿ: ಅಂಥವರನ್ನ ನಾನು ನಿಮ್ಮ ಕ್ಲಿನಿಕ್‌ನಲ್ಲಿ ನೋಡಿಲ್ಲ.

ಚಿಕ್ಕಮ್ಮ: ನಾನಿರೋ ಬಡಾವಣೆಗೆ ಅವರು ಬರೋದು ಕಮ್ಮಿ. ಅದಕ್ಕೇ ಹೇಳ್ತಿರೋದು, ಕಮ್ಯುನಿಟಿ ಹೆಲ್ತ್ ಸೆಂಟರ್ ಒಂದರಲ್ಲಿ ಕೆಲಸ ಹುಡುಕು. ರಿಮೋಟ್ ಏರಿಯಾ ಮೆಡಿಕಲ್ ಅಂತ ಒಂದು ಸಂಸ್ಥೆ ಇದೆ, 1985ರಲ್ಲಿ ಸ್ಟ್ಯಾನ್ ಬ್ರಾಕ್ ಅನ್ನೋರು ಕಟ್ಟಿದ್ದು. ಊರೂರಲ್ಲಿ ಉಚಿತ ಶಿಬಿರ ಹಾಕ್ತಾರೆ. ಜನ ಹಿಂದಿನ ರಾತ್ರಿಯೇ ಬಂದು ಕಾರಲ್ಲಿ ಮಲಗಿರ್ತಾರೆ, ಅವರಲ್ಲಿ ಎಷ್ಟೋ ಜನ ಹಲ್ಲಿಗೇ ಬಂದಿರೋರು. ಅಂಥ ಕಡೆ ಹೋಗಿ ಟಾರ್ಚ್ ಹಿಡಿದು ನಿಲ್ಲು. ಎಕ್ಸ್‌ರೇ ತೆಗೆಯೋಕೆ ಜರ್ಸಿಯಲ್ಲಿ ಲೈಸೆನ್ಸ್ ಬೇಕು, ಅದನ್ನೂ ಮಾಡ್ಕೋ. ಸಂಬಳವೂ ಬರುತ್ತೆ. ಹೇಗೂ ಬೇಕು ಅದು. ಪದವಿ ಮುಗಿದ ಆರು ತಿಂಗಳಿಗೆ ನಿನ್ನ ಫೆಡರಲ್ ಸಾಲದ ಕಂತು ಶುರುವಾಗುತ್ತೆ. ಹೆಲ್ತ್ ಇನ್ಶೂರೆನ್ಸ್ ಮಾತ್ರ ಇಪ್ಪತ್ತಾರರವರೆಗೆ ಅಪ್ಪನದರಲ್ಲೇ ಇರಬಹುದು.

ಹುಡುಗಿ: ನನ್ನ ಗೆಳತಿಗೂ ಸಿಗಲಿಲ್ಲ ಚಿಕ್ಕಮ್ಮ. ಅವಳೂ ಒಂದು ವರ್ಷ ಬಿಡ್ತೀನಿ ಅಂತಿದ್ದಾಳೆ.

ಚಿಕ್ಕಮ್ಮ: ಎಚ್-ಫೋರ್ ಅವಲಂಬಿತ ವೀಸಾದಲ್ಲಿ ಇದ್ದವಳಲ್ವಾ? ಅವಳ ಲೆಕ್ಕ ಬೇರೆ. ನೀನು ಇಲ್ಲಿ ಹುಟ್ಟಿದವಳು, ನಿನಗೆ ಬಿಟ್ಟ ವರ್ಷ ಬರೀ ಒಂದು ವರ್ಷ. ಅವಳು ಇಪ್ಪತ್ತೊಂದಕ್ಕೆ ಅಪ್ಪನ ವೀಸಾದಿಂದ ಹೊರಗೆ ಬಿದ್ದು ಎಫ್-ಒನ್ ವಿದ್ಯಾರ್ಥಿ ವೀಸಾಗೆ ಬಂದಿದ್ದಾಳೆ. ಮನೆಯಲ್ಲಿ ಕೂತು ಓದ್ತೀನಿ ಅಂದರೆ ಈ ದೇಶದಲ್ಲಿ ಇರೋಕೇ ಆಗಲ್ಲ. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗೋ ಅನುಮತಿ, ಒಪಿಟಿ, ಹನ್ನೆರಡು ತಿಂಗಳು. ಅದರಲ್ಲಿ ಕೆಲಸ ಇಲ್ಲದೆ ಒಟ್ಟು ತೊಂಬತ್ತು ದಿನ ದಾಟಬಾರದು, ಕೆಲಸವೂ ಓದಿದ್ದಕ್ಕೆ ಸಂಬಂಧಪಟ್ಟಿರಬೇಕು. ಬಯಾಲಜಿ ಪದವಿ ಆದ್ದರಿಂದ ಆಮೇಲೆ ಸ್ಟೆಮ್ ವಿಸ್ತರಣೆ ಕೇಳಬಹುದು, ಅದಕ್ಕೆ ಬೇರೆ ನಿಯಮಗಳಿವೆ. ಅವಳು ಅರ್ಜಿ ಹಾಕೋ ಮೊದಲು ಒಂದೊಂದು ಕಾಲೇಜನ್ನೂ ಗ್ರೀನ್ ಕಾರ್ಡ್ ಇಲ್ಲದವರನ್ನ ತಗೊಳ್ತೀರಾ ಅಂತ ಕೇಳಬೇಕು, ಎಷ್ಟೋ ಕಾಲೇಜುಗಳು ತಗೊಳ್ಳಲ್ಲ. ಫೆಡರಲ್ ಸಾಲವೂ ಅವಳಿಗಿಲ್ಲ. ಇಲ್ಲೇ ಬೆಳೆದ, ನಿನ್ನ ಪಕ್ಕದ ಬೆಂಚಿನಲ್ಲೇ ಕೂತು ಓದಿದ ಹುಡುಗಿಗೆ ಇದು ಅನ್ಯಾಯ. ಕಾಲೇಜಿನ ಇಂಟರ್‌ನ್ಯಾಶನಲ್ ಆಫೀಸಿಗೆ ನಾಳೆಯೇ ಹೋಗು ಅಂತ ಹೇಳು, ತಡ ಮಾಡಬಾರದು.

ಹುಡುಗಿ: ಹೇಳ್ತೀನಿ. ದುಡ್ಡಿನ ವಿಷಯ ಅಪ್ಪನೂ ಕೇಳಿದರು. ಎರಡು ವರ್ಷ ತಡ ಆದರೆ ಸಾಲದ ನಿಯಮ ಬದಲಾಗುತ್ತೆ ಅಂತ.

ಚಿಕ್ಕಮ್ಮ: ಅದು ಹೇಗೂ ಬದಲಾಗ್ತಿದೆ, ಒಂದು ವರ್ಷ ಬಿಟ್ಟರೂ ಎರಡು ಬಿಟ್ಟರೂ ಒಂದೇ. 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಸಾಲ ಇಲ್ಲ. ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ ಮಿತಿ. ಕೆಲವು ಖಾಸಗಿ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ಒಂದು ವರ್ಷದ ಖರ್ಚೇ 1 ಲಕ್ಷ ದಾಟುತ್ತೆ. ಸಾಲ ಮಾಡಿ ಓದಿದವರು ಸರಾಸರಿ ಸುಮಾರು 3 ಲಕ್ಷ ಡಾಲರ್ ಹೊತ್ತು ಹೊರಗೆ ಬರ್ತಾರೆ. ನಾವು ಕನ್ನಡದವರು ಮಕ್ಕಳ ಓದಿಗೆ ಅಂದರೆ ಮನೆ ಅಡವಿಡೋಕೂ ಹಿಂದೆಮುಂದೆ ನೋಡಲ್ಲ. ಎಲ್ಲಾದರೂ ಸರಿ, ಸೀಟು ಸಿಕ್ಕರೆ ಸಾಕು ಅನ್ನೋ ಆತುರದಲ್ಲಿ ಅತಿ ದುಬಾರಿ ಕಾಲೇಜಿಗೆ ಸಹಿ ಹಾಕಿದರೆ, ಮುಂದೆ ಯಾವ ಊರಲ್ಲಿ, ಯಾರಿಗೆ ಚಿಕಿತ್ಸೆ ಮಾಡ್ತೀಯ ಅನ್ನೋದನ್ನ ಆ ಸಾಲವೇ ತೀರ್ಮಾನಿಸುತ್ತೆ. ನಿನ್ನ ರಾಜ್ಯದ ಸರ್ಕಾರಿ ಸೀಟಿಗೆ ಒಂದು ವರ್ಷ ಹೆಚ್ಚು ಕಾದರೆ ಅದು ನಷ್ಟ ಅಲ್ಲ. ಇದನ್ನ ಭಾವನಿಗೆ ನಾನೇ ಕೂತು ಲೆಕ್ಕ ಹಾಕಿ ತೋರಿಸ್ತೀನಿ.

ಹುಡುಗಿ: ಹಿಂದಿನ ಕಾಲದ ದಂತವೈದ್ಯೆ ಲೂಸಿ ಹಾಬ್ಸ್ ಟೇಲರ್ ಬಗ್ಗೆ ಓದಿದೆ. ಅವರನ್ನೂ ಕಾಲೇಜು ಬೇಡ ಅಂದಿತ್ತಂತೆ. ಸ್ಟೇಟ್‌ಮೆಂಟ್ ಅಲ್ಲಿಂದ ಶುರುಮಾಡಲಾ?

ಚಿಕ್ಕಮ್ಮ: ಬೇಡ. 1861ರಲ್ಲಿ ಸಿನ್ಸಿನಾಟಿಯ ಓಹಾಯೋ ಕಾಲೇಜ್ ಆಫ್ ಡೆಂಟಲ್ ಸರ್ಜರಿ ಅವರನ್ನ ಬೇಡ ಅಂದಿದ್ದು ಹೆಣ್ಣು ಅನ್ನೋ ಕಾರಣಕ್ಕೆ. ಅದೇ ಕಾಲದ ರಾಬರ್ಟ್ ಟ್ಯಾನರ್ ಫ್ರೀಮನ್ ಅನ್ನೋರನ್ನ ಎರಡು ಕಾಲೇಜುಗಳು ಬೇಡ ಅಂದಿದ್ದು ಕಪ್ಪು ವರ್ಣದವರು ಅನ್ನೋ ಕಾರಣಕ್ಕೆ. ಆಮೇಲೆ ಅವರು ಹಾರ್ವರ್ಡ್ ಡೆಂಟಲ್‌ನ ಮೊದಲ ತಂಡದಲ್ಲೇ ಓದಿ 1869ರಲ್ಲಿ ಪದವಿ ಪಡೆದರು. ಅದು ಅನ್ಯಾಯ. ನಿನಗಾಗಿದ್ದು ಅನ್ಯಾಯ ಅಲ್ಲ, ಅವರ ಪಕ್ಕ ನಿನ್ನ ಹೆಸರು ಬರೀಬೇಡ. ಆದರೆ ಲೂಸಿ ನಡುವಿನ ವರ್ಷಗಳಲ್ಲಿ ಏನು ಮಾಡಿದರು ನೋಡು. ಕೆಲಸ ಕಲಿತರು, ತಾವೇ ಕ್ಲಿನಿಕ್ ತೆರೆದರು, ಅಯೋವಾಗೆ ಹೋಗಿ ಹಲ್ಲಿನ ವೈದ್ಯೆ ಅಂತ ಹೆಸರು ಮಾಡಿದರು. 1865ರಲ್ಲಿ ಅಲ್ಲಿನ ಡೆಂಟಲ್ ಸೊಸೈಟಿ ಸದಸ್ಯೆ ಮಾಡಿಕೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಅದೇ ಓಹಾಯೋ ಕಾಲೇಜು ಸೇರಿಸಿಕೊಂಡಿತು. ಆಗಲೇ ಅಷ್ಟು ಅನುಭವ ಇದ್ದದ್ದರಿಂದ 1866ರಲ್ಲೇ ಪದವಿ ಕೊಟ್ಟರು. ಕಾಯುವಾಗ ಅವರು ಬರೀ ಅರ್ಜಿದಾರರಾಗಿ ಇರಲಿಲ್ಲ, ಹಲ್ಲಿನ ಕೆಲಸದವರಾಗಿಬಿಟ್ಟಿದ್ದರು. ಅಷ್ಟನ್ನ ತಗೋ.

ಹುಡುಗಿ: ಒಂದು ಮಾತು ಕೇಳ್ಲಾ? ಒಂದು ವರ್ಷ ಹಾಗೆ ಕೆಲಸ ಮಾಡಿದ ಮೇಲೆ ನನಗೆ ಇದು ಬೇಡ ಅನ್ನಿಸಿಬಿಟ್ಟರೆ?

ಚಿಕ್ಕಮ್ಮ: ಅನ್ನಿಸಲಿ. ದಿನವಿಡೀ ಕತ್ತು ಬಗ್ಗಿಸಿ ಅಂಗೈಯಷ್ಟು ಜಾಗದಲ್ಲಿ ಕೆಲಸ ಮಾಡೋದು ಎಲ್ಲರಿಗೂ ಹಿಡಿಸಲ್ಲ. ಹೆದರಿ ನಡುಗೋ ಮನುಷ್ಯನ ಬಾಯಲ್ಲಿ ಕೈ ಇಟ್ಟು ಅವನನ್ನ ಸಮಾಧಾನ ಮಾಡೋದು ಎಲ್ಲರಿಗೂ ಬರಲ್ಲ. ಮೂರು ಲಕ್ಷ ಸಾಲ ಆದ ಮೇಲೆ ಅದು ಗೊತ್ತಾಗೋದಕ್ಕಿಂತ ಈಗ ಗೊತ್ತಾಗಲಿ. ಹೈಜಿನಿಸ್ಟ್ ಆಗಬಹುದು, ಪಬ್ಲಿಕ್ ಹೆಲ್ತ್ ಓದಬಹುದು. ನಿನಗೆ ಡಾಕ್ಟರ್ ಅನ್ನೋ ಹೆಸರು ಬೇಕಾ, ಹಲ್ಲಿನ ಕೆಲಸ ಬೇಕಾ? ಇದನ್ನ ಇಂಟರ್ವ್ಯೂನಲ್ಲಿ ಯಾರೂ ಹೀಗೆ ಕೇಳಲ್ಲ. ಆದರೆ ಅವರು ಕೇಳೋ ಪ್ರತಿ ಪ್ರಶ್ನೆಯ ಒಳಗೂ ಇದೇ ಇರುತ್ತೆ.

ಹುಡುಗಿ: ಹಲ್ಲಿನ ಕೆಲಸ ಬೇಕು. ಅಂತ ಅನ್ಕೊಂಡಿದ್ದೀನಿ. ಆದರೆ ನೀವು ಕೇಳಿದ ಮೇಲೆ, ನನಗೆ ಅದು ಖಂಡಿತವಾಗಿ ಗೊತ್ತಿಲ್ಲ ಅನ್ನಿಸ್ತಿದೆ.

ಚಿಕ್ಕಮ್ಮ: ಗೊತ್ತಿರೋಕೆ ಸಾಧ್ಯನೂ ಇಲ್ಲ, ನೀನು ಆ ಕೆಲಸ ಮಾಡೇ ಇಲ್ಲವಲ್ಲ.

ಹುಡುಗಿ: ಸರಿ. ಈ ಜೂನ್ ಬಿಡ್ತೀನಿ. ಜೊತೆಯವರು ಡೆಂಟಲ್ ಸೇರಿ ವೈಟ್ ಕೋಟ್ ಫೋಟೊ ಹಾಕಿದಾಗ ಹೊಟ್ಟೆ ಉರಿಯುತ್ತೆ, ಅದಕ್ಕೇನು ಮಾಡೋದು ಗೊತ್ತಿಲ್ಲ.

ಚಿಕ್ಕಮ್ಮ: ಉರಿಯುತ್ತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಅಕ್ಕನ ಹತ್ತಿರ ನಾನು ಮಾತಾಡ್ತೀನಿ, ‘ನಿನ್ನ ಮಗಳ ಸೀಟು ಏನಾಯ್ತು’ ಅಂತ ಕೇಳುವವರಿಗೆ ಉತ್ತರ ಕೊಡೋದು ಅವಳಿಗೂ ಕಷ್ಟವೇ. ನೀನು ಈ ವಾರ ಎರಡು ಕೆಲಸ ಮಾಡು. ವೇಟ್‌ಲಿಸ್ಟ್‌ನಲ್ಲಿ ಇಟ್ಟ ಕಾಲೇಜಿಗೆ, ನನಗೆ ಇನ್ನೂ ಆಸಕ್ತಿ ಇದೆ ಅಂತ ಚಿಕ್ಕದಾಗಿ ಬರಿ. ಬೇಸಿಗೆಯಲ್ಲಿ, ತರಗತಿ ಶುರುವಾಗೋ ಹಿಂದಿನ ವಾರ ಕೂಡ ಕರೆದದ್ದು ಉಂಟು. ಕರೆದರೆ ಸಂತೋಷ, ಅದನ್ನೇ ನಂಬಿ ಕೂರಬೇಡ. ಆಮೇಲೆ ಬೇಡ ಅಂದ ಒಂದೊಂದು ಕಾಲೇಜಿಗೂ, ನನ್ನ ಅರ್ಜಿಯಲ್ಲಿ ಏನು ಕೊರತೆ ಇತ್ತು ಅಂತ ಮರ್ಯಾದೆಯಿಂದ ಕೇಳಿ ಬರಿ. ಹಲವರು ಉತ್ತರ ಕೊಡಲ್ಲ. ಕೆಲವು ಕಡೆ ಅಡ್ಮಿಷನ್ ಆಫೀಸಿನವರೇ ಫೋನ್‌ನಲ್ಲಿ ಸಿಕ್ಕಿ ನಿನ್ನ ಫೈಲ್ ತೆರೆದು ಹೇಳ್ತಾರೆ. ನಾನು ಹೇಳಿದ್ದು ತಪ್ಪಾಗಿದ್ದರೆ ಅವರ ಮಾತು ಕೇಳು.